ಓಯಮತ್ಸುಮಿ ಮತ್ತು ಯಮ ನೊ ಕಮಿ: ಜಪಾನಿನ ಬೆಟ್ಟದ ದೇವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓಯಮತ್ಸುಮಿ ಯಾರು?

ಜಪಾನಿನ ಪುರಾಣಗಳು ಬೆಟ್ಟಗಳ ಒಡೆಯನೆಂದು ಹೆಸರಿಟ್ಟು ಕರೆಯುವ ದೇವರು ಓಯಮತ್ಸುಮಿ. 712ರಲ್ಲಿ ಅರಮನೆಗೆ ಒಪ್ಪಿಸಲಾದ ‘ಕೊಜಿಕಿ’ ಮತ್ತು 720ರಲ್ಲಿ ಮುಗಿದ ‘ನಿಹೊನ್ ಶೊಕಿ’ ಎಂಬ ಎರಡು ಹಳೆಯ ಗ್ರಂಥಗಳಲ್ಲಿ ಈತನ ಹೆಸರು ಮತ್ತೆ ಮತ್ತೆ ಬರುತ್ತದೆಯಾದರೂ ಈತ ತಾನಾಗಿ ಮಾಡುವ ಕೆಲಸ ಬಹಳ ಕಡಿಮೆ. ಹೆಚ್ಚಿನ ಕಡೆ ಈತ ಯಾರದೋ ತಂದೆ, ಯಾರದೋ ಮಾವ, ಇಲ್ಲವೇ ಯಾರದೋ ಅಜ್ಜ. ಎಂಟು ತಲೆಯ ಹಾವಿಗೆ ಮಗಳನ್ನು ಬಲಿ ಕೊಡಬೇಕಾಗಿ ಬಂದು ಅಳುತ್ತ ಕುಳಿತಿದ್ದ ಮುದುಕ ಅಶಿನಜುಚಿಯನ್ನು ಸುಸನೊಒ ದೇವರು ‘ನೀನು ಯಾರು’ ಎಂದು ಕೇಳಿದಾಗ, ಅವನು ಹೇಳುವುದು ‘ನಾನು ಓಯಮತ್ಸುಮಿಯ ಮಗ’ ಎಂದು. ಅದೇ ಸುಸನೊಒ ಮುಂದೆ ಓಯಮತ್ಸುಮಿಯ ಒಬ್ಬ ಮಗಳನ್ನು ಮದುವೆಯಾಗಿ ಪಡೆದ ಮಕ್ಕಳಲ್ಲಿ ಒಬ್ಬರು ಉಕನೊಮಿತಮ, ಅಂದರೆ ಇನಾರಿ ಗುಡಿಗಳಲ್ಲಿ ಪೂಜೆಗೊಳ್ಳುವ ಅನ್ನದ ದೇವತೆ. ಚಕ್ರವರ್ತಿಗಳ ವಂಶದ ಮೂಲತಾಯಿಯೂ ಈತನ ಮಗಳೇ. ಪುರಾಣದ ದೊಡ್ಡ ಮನೆತನಗಳೆಲ್ಲ ಒಂದಲ್ಲ ಒಂದು ತಲೆಮಾರಿನಲ್ಲಿ ಬೆಟ್ಟದ ಮನೆಯಿಂದ ಹೆಣ್ಣು ತಂದಿವೆ ಎಂದರೆ ಸರಿಹೋಗುತ್ತದೆ.

ಇಲ್ಲಿ ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ರಂಥಗಳಲ್ಲಿರುವ ಓಯಮತ್ಸುಮಿ ಬೇರೆ, ಮರ ಕಡಿಯುವವರು, ಬೇಟೆಗಾರರು ಮತ್ತು ಇದ್ದಿಲು ಸುಡುವವರು ಹೆಸರಿಡದೆ ಬರಿದೆ ‘ಯಮ ನೊ ಕಮಿ’ (ಬೆಟ್ಟದ ದೇವರು) ಎಂದು ಕರೆದು ನಡೆದುಕೊಂಡು ಬಂದ ದೇವತೆ ಬೇರೆ. ಇಬ್ಬರನ್ನೂ ಒಬ್ಬರೆಂದೇ ಹೇಳುವ ಬರಹಗಳು ಬಹಳಷ್ಟಿವೆ. ಹಾಗೆ ಓದಿದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರವೇ ಸಿಗುವುದಿಲ್ಲ.

ಹೆಸರಿನಲ್ಲಿರುವ ‘ಯಮ’ನಿಗೂ ನಮ್ಮ ಯಮಧರ್ಮನಿಗೂ ಸಂಬಂಧ ಇದೆಯೆ?

ಇಲ್ಲ. ಕನ್ನಡದ ಕಿವಿಗೆ ಈ ಹೆಸರು ಬಿದ್ದೊಡನೆ ಕೋಣವೂ ಪಾಶವೂ ನೆನಪಾಗುವುದು ಸಹಜವೇ ಆದರೂ ಜಪಾನೀ ಭಾಷೆಯಲ್ಲಿ ‘ಯಮ’ ಎಂದರೆ ಬೆಟ್ಟ, ಅಷ್ಟೇ. ‘ಓ’ ಎಂದರೆ ಹಿರಿಯ, ‘ತ್ಸು’ ಎನ್ನುವುದು ಷಷ್ಠಿಯ ಹಳೆಯ ಪ್ರತ್ಯಯ, ‘ಮಿ’ ಎಂದರೆ ದೈವಶಕ್ತಿ. ಒಟ್ಟಿನಲ್ಲಿ ‘ಬೆಟ್ಟದ ಹಿರಿಯ ದೈವ’. ಕಡಲಿನ ದೇವರ ಹೆಸರು ‘ವತತ್ಸುಮಿ’ ಕೂಡ ಇದೇ ಅಚ್ಚಿನಲ್ಲಿ ಮೂಡಿದ ಪದ. ನಮ್ಮ ಯಮನೂ ಜಪಾನಿಗೆ ಹೋಗಿದ್ದಾನೆ, ಆದರೆ ಬೌದ್ಧಧರ್ಮದ ಜೊತೆ ಚೀನಾದ ದಾರಿಯಾಗಿ ಹೋಗಿ, ‘ಎಮ್ಮ’ ಎಂಬ ಹೆಸರು ಪಡೆದು, ನರಕದಲ್ಲಿ ಸತ್ತವರ ಲೆಕ್ಕ ನೋಡುವ ಕೆಲಸವನ್ನೇ ಅಲ್ಲಿಯೂ ಮಾಡುತ್ತಿದ್ದಾನೆ. ಬೆಟ್ಟದ ದೇವರಿಗೂ ಅವನಿಗೂ ನೆಂಟಸ್ತಿಕೆಯಿಲ್ಲ.

ಓಯಮತ್ಸುಮಿ ಹುಟ್ಟಿದ್ದು ಹೇಗೆ?

ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ಕೊಜಿಕಿಯ ಪ್ರಕಾರ, ನಾಡನ್ನು ಹೆತ್ತು ಮುಗಿಸಿದ ಇಜನಗಿ ಮತ್ತು ಇಜನಮಿ ದಂಪತಿಗಳು ಕಡಲು, ಗಾಳಿ, ಮರ ಇವುಗಳ ದೇವರುಗಳನ್ನು ಹೆತ್ತ ಮೇಲೆ ಬೆಟ್ಟದ ದೇವರನ್ನೂ ಹುಲ್ಲುಗಾವಲಿನ ದೇವತೆಯನ್ನೂ ಹೆರುತ್ತಾರೆ. ಅವರಿಬ್ಬರೂ ಕೂಡಿ ಮಣ್ಣು, ಮಂಜು, ಕತ್ತಲ ಕಣಿವೆ ಮುಂತಾದವಕ್ಕೆ ಸೇರಿದ ಎಂಟು ದೇವರುಗಳನ್ನು ಪಡೆಯುತ್ತಾರೆ. ನಿಹೊನ್ ಶೊಕಿಯಲ್ಲಿರುವ ಕೆಲವು ಪಾಠಾಂತರಗಳು ಇದಕ್ಕಿಂತ ಭೀಕರವಾಗಿವೆ. ಬೆಂಕಿಯ ದೇವರು ಕಗುತ್ಸುಚಿಯನ್ನು ಹೆರುವಾಗ ಇಜನಮಿ ಸುಟ್ಟು ಸಾಯುತ್ತಾಳೆ, ಸಿಟ್ಟಿಗೆದ್ದ ಇಜನಗಿ ಆ ಮಗುವನ್ನು ಕತ್ತಿಯಿಂದ ಕಡಿದು ಹಾಕುತ್ತಾನೆ, ಕಡಿದ ತುಂಡುಗಳಲ್ಲಿ ಒಂದು ಓಯಮತ್ಸುಮಿಯಾಗುತ್ತದೆ. ಕೊಜಿಕಿಯಲ್ಲಿಯೂ ಕಗುತ್ಸುಚಿಯ ಹೆಣದ ತಲೆ, ಎದೆ, ಹೊಟ್ಟೆ, ಕೈಕಾಲುಗಳಿಂದ ಎಂಟು ಮಂದಿ ಚಿಕ್ಕ ಬೆಟ್ಟದೇವರುಗಳು ಹುಟ್ಟುವ ವಿವರವಿದೆ. ಬೆಂಕಿಯುಗುಳುವ ಬೆಟ್ಟಗಳ ನಾಡಿನಲ್ಲಿ ಬೆಂಕಿಯ ದೇಹದಿಂದಲೇ ಬೆಟ್ಟ ಹುಟ್ಟುವ ಕಥೆಯನ್ನು ಜ್ವಾಲಾಮುಖಿಯ ನೆನಪೆಂದು ಓದುವವರಿದ್ದಾರೆ. ಆ ಓದು ಆಕರ್ಷಕವಾಗಿದೆ, ಆದರೆ ಗ್ರಂಥ ಹಾಗೆಂದು ಎಲ್ಲಿಯೂ ಹೇಳುವುದಿಲ್ಲ.

ಹೂವಿನ ಮಗಳು, ಬಂಡೆಯ ಮಗಳು: ಆ ಮದುವೆಯ ಕಥೆ ಏನು?

ಓಯಮತ್ಸುಮಿ ಬಾಯಿ ಬಿಟ್ಟು ಮಾತಾಡುವ, ಅದೂ ಕಟುವಾಗಿ ಮಾತಾಡುವ ಪ್ರಸಂಗ ಇದು. ಸೂರ್ಯದೇವತೆ ಅಮತೆರಸುವಿನ ಮೊಮ್ಮಗ ನಿನಿಗಿ ಭೂಮಿಯನ್ನು ಆಳಲೆಂದು ಆಕಾಶದಿಂದ ಇಳಿದು ಬಂದು, ಕಸಸ ಎಂಬ ಭೂಶಿರದಲ್ಲಿ ಒಬ್ಬ ಚೆಲುವೆಯನ್ನು ಕಾಣುತ್ತಾನೆ. ಅವಳು ಕೊನೊಹನಸಕುಯ ಹಿಮೆ, ಎಂದರೆ ಮರದಲ್ಲಿ ಹೂವರಳುವಂತೆ ಅರಳುವ ಕುವರಿ. ‘ನನ್ನನ್ನು ಮದುವೆಯಾಗುತ್ತೀಯಾ’ ಎಂದು ಅವನು ಕೇಳಿದರೆ, ಅವಳು ‘ನಾನು ಹೇಳಲಾರೆ, ನನ್ನ ತಂದೆ ಹೇಳುತ್ತಾರೆ’ ಎನ್ನುತ್ತಾಳೆ. ಬೀಗತನಕ್ಕೆ ಹೇಳಿ ಕಳಿಸಿದಾಗ ಓಯಮತ್ಸುಮಿ ಬಹಳ ಸಂತೋಷಪಟ್ಟು, ನೂರು ಮಣೆಗಳ ಮೇಲೆ ಕಾಣಿಕೆಗಳನ್ನು ಜೋಡಿಸಿ ಕಳಿಸುತ್ತಾನೆ. ಜೊತೆಗೆ, ಕೇಳದಿದ್ದರೂ, ಹಿರಿಯ ಮಗಳು ಇವನಗ ಹಿಮೆಯನ್ನೂ ಕಳಿಸುತ್ತಾನೆ. ಅವಳ ಹೆಸರಿನ ಅರ್ಥ ಬಂಡೆಯಂತೆ ಬಹುಕಾಲ ಬಾಳುವವಳು ಎಂದು. ಅವಳ ಮುಖ ನೋಡಿದ ನಿನಿಗಿ ಹೆದರಿ, ಅವಳನ್ನು ತವರಿಗೆ ಹಿಂದಕ್ಕೆ ಅಟ್ಟಿ, ತಂಗಿಯನ್ನು ಮಾತ್ರ ಇಟ್ಟುಕೊಳ್ಳುತ್ತಾನೆ.

ಮಗಳು ಹಿಂದಿರುಗಿದ್ದನ್ನು ಕಂಡು ಅವಮಾನಗೊಂಡ ತಂದೆ ಹೇಳಿ ಕಳಿಸಿದ ಮಾತಿನ ಸಾರ ಹೀಗಿದೆ: ಇಬ್ಬರನ್ನೂ ಕೊಟ್ಟದ್ದು ಸುಮ್ಮನೆ ಅಲ್ಲ, ಹಿರಿಯಳನ್ನು ಇಟ್ಟುಕೊಂಡಿದ್ದರೆ ಹಿಮ ಸುರಿಯಲಿ, ಗಾಳಿ ಬೀಸಲಿ, ನಿಮ್ಮ ಆಯುಸ್ಸು ಬಂಡೆಯಂತೆ ಅಲುಗದೆ ನಿಲ್ಲುತ್ತಿತ್ತು, ಕಿರಿಯಳಿಂದ ಹೂವಿನಂತೆ ಏಳಿಗೆ ಬರುತ್ತಿತ್ತು, ಈಗ ಒಬ್ಬಳನ್ನೇ ಉಳಿಸಿಕೊಂಡಿರಿ, ಆದ್ದರಿಂದ ಆಯುಸ್ಸೂ ಹೂವಿನಷ್ಟೇ. ದೇವರ ಸಂತತಿಯಾದ ಚಕ್ರವರ್ತಿಗಳಿಗೆ ಸಾವು ಏಕೆ ಬಂತು ಎನ್ನುವುದಕ್ಕೆ ಕೊಜಿಕಿ ಕೊಡುವ ಕಾರಣ ಇದು. ನಿಹೊನ್ ಶೊಕಿಯ ಒಂದು ಪಾಠಾಂತರದಲ್ಲಿ ಶಪಿಸುವವಳು ಸ್ವತಃ ಇವನಗ ಹಿಮೆ, ಶಾಪ ತಗಲುವುದು ಅರಸರಿಗೆ ಮಾತ್ರವಲ್ಲ, ಮನುಷ್ಯರೆಲ್ಲರಿಗೆ.

ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಕಿರಿಯಳು ಒಂದೇ ರಾತ್ರಿಯ ಸಂಗದಲ್ಲಿ ಬಸಿರಾದಾಗ ನಿನಿಗಿ ಅನುಮಾನಪಟ್ಟು, ‘ಇದು ಇಲ್ಲಿನ ಯಾವನೋ ನೆಲದ ದೇವರ ಮಗುವಿರಬೇಕು’ ಎನ್ನುತ್ತಾನೆ. ಅವಳು ಬಾಗಿಲಿಲ್ಲದ ದೊಡ್ಡ ಮನೆಯೊಂದನ್ನು ಕಟ್ಟಿ, ಒಳಗೆ ಹೋಗಿ ಮನೆಯನ್ನು ಮಣ್ಣು ಮೆತ್ತಿ ಮುಚ್ಚಿಕೊಂಡು, ಹೆರಿಗೆಯ ಹೊತ್ತಿಗೆ ಸರಿಯಾಗಿ ಬೆಂಕಿ ಹಚ್ಚಿ, ಉರಿಯ ನಡುವೆ ಮೂರು ಗಂಡುಮಕ್ಕಳನ್ನು ಸುಖವಾಗಿ ಹೆರುತ್ತಾಳೆ. ಅವರಲ್ಲಿ ಕಿರಿಯವನಾದ ಹೊಒರಿಯ ಮೊಮ್ಮಗನೇ ಮೊದಲ ಚಕ್ರವರ್ತಿಯೆಂದು ಪುರಾಣ ಹೇಳುವ ಜಿಮ್ಮು. ‘ನೆಲದ ದೇವರು’ ಎಂಬ ಆ ಬೈಗುಳದ ಮಾತನ್ನು ಗಮನಿಸಬೇಕು. ಆಕಾಶದಿಂದ ಇಳಿದ ದೇವರುಗಳು ಒಂದು ಪಂಗಡ, ಮೊದಲಿಂದ ನೆಲದಲ್ಲಿದ್ದ ದೇವರುಗಳು ಇನ್ನೊಂದು ಪಂಗಡ. ಓಯಮತ್ಸುಮಿ ಎರಡನೆಯ ಪಂಗಡದ ಹಿರಿಯ. ಹೊರಗಿನಿಂದ ಬಂದ ಅರಸು ಬೆಟ್ಟದ ಮಗಳನ್ನು ಕೈಹಿಡಿದ ಮೇಲೆಯೇ ನಾಡು ಅವನದಾಗುತ್ತದೆ ಎಂಬ ತಿಳಿವಳಿಕೆ ಈ ಕಥೆಯ ಕೆಳಗೆ ಹರಿಯುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ತಿರಸ್ಕೃತಳಾದ ಅಕ್ಕನಿಗೆ ಎಲ್ಲಿಯೂ ಪೂಜೆ ಇಲ್ಲವೆ?

ಇದೆ. ಇಜು ಪರ್ಯಾಯದ್ವೀಪದ ಕುಮೊಮಿ ಎಂಬಲ್ಲಿ, ಕಡಲಿಗೆ ಚಾಚಿಕೊಂಡ ಕಡಿದಾದ ಬಂಡೆಗುಡ್ಡದ ಮೇಲಿರುವ ಗುಡಿ ಇವನಗ ಹಿಮೆಯದು. ಅಲ್ಲಿಂದ ಫುಜಿ ಬೆಟ್ಟ ಕಾಣುತ್ತದೆ, ಆದರೆ ಅಲ್ಲಿ ನಿಂತು ಫುಜಿಯನ್ನು ಹೊಗಳಬಾರದು ಎಂಬುದು ಊರಿನ ಹಳೆಯ ನಂಬಿಕೆ, ಏಕೆಂದರೆ ಫುಜಿ ತಂಗಿಯ ಬೆಟ್ಟ.

ಫುಜಿ ಬೆಟ್ಟದ ದೇವತೆ ಓಯಮತ್ಸುಮಿಯ ಮಗಳು ಹೇಗಾದಳು?

3,776 ಮೀಟರ್ ಎತ್ತರದ ಫುಜಿಯನ್ನು ಜನ ಮೊದಲು ಪೂಜಿಸಿದ್ದು ಅದರ ಬೆಂಕಿಗೆ ಹೆದರಿ. ಆಗ ಅಲ್ಲಿನ ದೇವರ ಹೆಸರು ಅಸಮ; ಅದೇ ಬರಹವನ್ನು ಇನ್ನೊಂದು ರೀತಿ ಓದಿದರೆ ‘ಸೆಂಗೆನ್’ ಆಗುತ್ತದೆ. 864ರಲ್ಲಿ ಫುಜಿ ದೊಡ್ಡದಾಗಿ ಸಿಡಿದಾಗ, ಪೂಜೆಯಲ್ಲಿ ಲೋಪವಾದುದೇ ಕಾರಣವೆಂದು ತೀರ್ಮಾನಿಸಿ ಮರುವರ್ಷ ಬೆಟ್ಟದ ಉತ್ತರಕ್ಕಿರುವ ಕಾಯಿ ಪ್ರಾಂತದಲ್ಲಿಯೂ ಅಸಮ ದೇವರನ್ನು ನೆಲೆಗೊಳಿಸಿದರು. ಆ ದೇವರು ಕೊನೊಹನಸಕುಯ ಹಿಮೆಯೇ ಎಂಬ ನಂಬಿಕೆ ಬಲವಾಗಿ ನೆಲೆಯೂರಿದ್ದು ಅದಾಗಿ ಎಷ್ಟೋ ಶತಮಾನಗಳ ಮೇಲೆ, ಎದೊ ಕಾಲದಲ್ಲಿ (1603–1868). ಉರಿಯುವ ಮನೆಯಲ್ಲಿ ಸುಖವಾಗಿ ಹೆತ್ತವಳು ಬೆಂಕಿಯನ್ನು ಹದ್ದುಬಸ್ತಿನಲ್ಲಿಡಬಲ್ಲಳು ಎಂಬ ತರ್ಕವನ್ನು ಇದಕ್ಕೆ ಕೊಡುತ್ತಾರೆ. ಇಂದು ದೇಶದಾದ್ಯಂತ ಸುಮಾರು 1,300 ಸೆಂಗೆನ್ ಗುಡಿಗಳಿದ್ದು, ಅವಕ್ಕೆಲ್ಲ ಮೂಲಸ್ಥಾನ ಫುಜಿನೊಮಿಯ ಊರಿನ ಮಹಾಗುಡಿ. ಬೆಟ್ಟದ ಎಂಟನೆಯ ಹಂತದಿಂದ ಮೇಲಿನ ಹೆಚ್ಚಿನ ಜಾಗ ಆ ಗುಡಿಯ ಸ್ವತ್ತು. ದೇವತೆ ಹೆಣ್ಣಾಗಿದ್ದರೂ ಹೆಂಗಸರಿಗೆ ಶಿಖರದವರೆಗೆ ಹತ್ತಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1872ರಲ್ಲಿ.

ಹಾಗಾದರೆ ಯಮ ನೊ ಕಮಿ ಗಂಡೋ, ಹೆಣ್ಣೋ?

ಪುಸ್ತಕದ ಓಯಮತ್ಸುಮಿ ಗಂಡು. ಕಾಡಿನಲ್ಲಿ ದುಡಿಯುವವರ ಯಮ ನೊ ಕಮಿ ಬಹುತೇಕ ಹೆಣ್ಣು, ಅದೂ ತನ್ನ ರೂಪದ ಬಗ್ಗೆ ಅಳುಕಿರುವ, ಮುನಿಸು ಹೆಚ್ಚಿರುವ, ಆದರೆ ಮನಸ್ಸು ಒಲಿದರೆ ಕೈತುಂಬ ಕೊಡುವ ಹೆಣ್ಣು. ಅವಳಿಗೆ ಬಲು ಪ್ರಿಯವಾದ ಕಾಣಿಕೆ ಓಕೊಜೆ ಎಂಬ ಕಡಲ ಮೀನು. ಉಬ್ಬಿದ ಕಣ್ಣು, ಮೇಲಕ್ಕೆ ತಿರುಗಿದ ಬಾಯಿ, ಬೆನ್ನಿನ ಮೇಲೆ ವಿಷದ ಮುಳ್ಳು ಇರುವ ಆ ಮೀನಿನ ಮುಖ ನೋಡಿ, ತನಗಿಂತಲೂ ವಿಕಾರವಾದದ್ದು ಲೋಕದಲ್ಲಿದೆಯಲ್ಲ ಎಂದು ಅವಳು ಸಮಾಧಾನಪಡುತ್ತಾಳಂತೆ. ಬೇಟೆಗಾರರು ಒಣಗಿಸಿದ ಓಕೊಜೆಯನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡು, ಅಂಚನ್ನು ಮಾತ್ರ ತುಸು ಬಿಡಿಸಿ ತೋರಿಸಿ, ‘ಬೇಟೆ ಕೊಟ್ಟರೆ ಪೂರ್ತಿ ತೋರಿಸುತ್ತೇನೆ’ ಎಂದು ಆಸೆ ಹುಟ್ಟಿಸುತ್ತಿದ್ದರು. ಬೇಟೆ ಸಿಕ್ಕ ಮೇಲೂ ಪೂರ್ತಿ ಬಿಡಿಸುತ್ತಿರಲಿಲ್ಲ, ಏಕೆಂದರೆ ನಾಳೆಯೂ ಕಾಡಿಗೆ ಹೋಗಬೇಕಲ್ಲ. ದೇವತೆಯೊಡನೆ ಇಷ್ಟು ಸಲಿಗೆಯ ಚೌಕಾಶಿ ಅರಮನೆಯ ಗ್ರಂಥಗಳಲ್ಲಿ ಕಾಣಸಿಗುವುದಿಲ್ಲ. ಜಾನಪದ ವಿದ್ವಾಂಸರಾದ ಯನಗಿತ ಕುನಿಒ ಮತ್ತು ಮಿನಕತ ಕುಮಗುಸು ಅವರ ನಡುವೆ 1911ರಲ್ಲಿ ಆರಂಭವಾದ ಹೆಸರಾಂತ ಪತ್ರವ್ಯವಹಾರಕ್ಕೆ ನೆಪವಾದದ್ದೂ ಈ ಮೀನೇ.

ಹನ್ನೆರಡು ಎಂಬ ಸಂಖ್ಯೆ ಮತ್ತೆ ಮತ್ತೆ ಏಕೆ ಬರುತ್ತದೆ?

ಯಮ ನೊ ಕಮಿ ವರ್ಷಕ್ಕೆ ಹನ್ನೆರಡು ಮಕ್ಕಳನ್ನು ಹೆರುತ್ತಾಳೆ ಎಂಬ ನಂಬಿಕೆ ಹಲವೆಡೆ ಇದೆ. ಗುನ್ಮ, ನೀಗತ, ನಗನೊ ಭಾಗಗಳಲ್ಲಿ ಅವಳ ಹೆಸರೇ ‘ಜೂನಿ ಸಮ’, ಎಂದರೆ ಹನ್ನೆರಡಮ್ಮ. ಹನ್ನೆರಡನೆಯ ತಾರೀಕು ಅವಳ ದಿನ. ಆ ದಿನ ಅವಳು ತನ್ನ ಕಾಡಿನ ಮರಗಳನ್ನು ಎಣಿಸುತ್ತಿರುತ್ತಾಳಾದ್ದರಿಂದ, ಒಳಗೆ ಹೋದ ಮನುಷ್ಯನನ್ನೂ ಮರವೆಂದು ಲೆಕ್ಕಕ್ಕೆ ಹಿಡಿದುಬಿಡುತ್ತಾಳೆ, ಹಾಗೆ ಲೆಕ್ಕಕ್ಕೆ ಸೇರಿದವನು ಮನೆಗೆ ಮರಳುವುದಿಲ್ಲ. ಈಶಾನ್ಯ ಜಪಾನಿನ ಮತಗಿ ಬೇಟೆಗಾರರು ಹನ್ನೆರಡು ಜನ ಸೇರಿ ಕಾಡಿಗೆ ಹೋಗುವುದನ್ನು ತಪ್ಪಿಸುತ್ತಿದ್ದರು. ತಪ್ಪಿಸಲಾಗದಿದ್ದರೆ ಮರದಲ್ಲಿ ಒಂದು ಗೊಂಬೆ ಕೆತ್ತಿ, ಅದನ್ನು ಹದಿಮೂರನೆಯವನೆಂದು ಎಣಿಸಿ ಹೊರಡುತ್ತಿದ್ದರು. ಕಾಡೊಳಗೆ ಊರಿನ ಮಾತು ಆಡುವಂತಿರಲಿಲ್ಲ. ಪ್ರಾಣಿಗಳಿಗೂ ಸಲಕರಣೆಗಳಿಗೂ ಬೇರೆಯೇ ಹೆಸರುಗಳಿದ್ದ ‘ಬೆಟ್ಟದ ಮಾತು’ ಆಡಬೇಕಿತ್ತು.

ಸುರಂಗ ತೋಡುವ ಕಡೆ ಹೆಂಗಸರನ್ನು ಬಿಡುತ್ತಿರಲಿಲ್ಲವಂತೆ, ನಿಜವೆ?

ನಿಜ. ದೇವತೆ ಹೆಣ್ಣಾದ್ದರಿಂದ ಇನ್ನೊಬ್ಬ ಹೆಣ್ಣು ತನ್ನ ಬೆಟ್ಟದೊಳಗೆ ಕಾಲಿಟ್ಟರೆ ಅಸೂಯೆಪಟ್ಟು ಬಂಡೆ ಉರುಳಿಸುತ್ತಾಳೆ ಎಂಬ ಕಾರಣವನ್ನು ಸುರಂಗದ ಕೂಲಿಗಳೂ ಗುತ್ತಿಗೆದಾರರೂ ಕೊಡುತ್ತಿದ್ದರು. ಹಳೆಯ ನಂಬಿಕೆಯ ಹೆಸರಿನಲ್ಲಿ ಕೆಲಸದ ಜಾಗದ ಕಟ್ಟಳೆಯೊಂದು ಎಷ್ಟು ಸುಲಭವಾಗಿ ಗಟ್ಟಿಯಾಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಗಣಿಗಳಲ್ಲಿಯೂ ಬೆಟ್ಟದ ದೇವರಿಗೆ ಪೂಜೆಯಿತ್ತು. 1691ರಿಂದ 1973ರವರೆಗೆ ನಡೆದ ಎಹಿಮೆ ಪ್ರಾಂತದ ಬೆಶ್ಶಿ ತಾಮ್ರದ ಗಣಿಯವರು ಓಮಿಶಿಮ ದ್ವೀಪದಿಂದ ಓಯಮತ್ಸುಮಿಯನ್ನು ಬರಮಾಡಿಕೊಂಡು ಗುಡಿ ಕಟ್ಟಿದ್ದರು.

ಅಸೂಯೆಯ ದೇವತೆ ಹೆರಿಗೆಗೆ ಏಕೆ ಬರುತ್ತಾಳೆ?

ಈ ವಿರೋಧಾಭಾಸ ಅವಳನ್ನು ನಂಬಿದವರಿಗೆ ತೊಡಕೆನಿಸಿದಂತಿಲ್ಲ. ಈಶಾನ್ಯ ಜಪಾನಿನ ಹಳ್ಳಿಗಳಲ್ಲಿ ಹೆಂಡತಿಗೆ ನೋವು ಕಾಣಿಸಿಕೊಂಡ ಕೂಡಲೆ ಗಂಡ ಕುದುರೆಗೆ ಜೀನು ಹಾಕಿ, ತಾನು ಹತ್ತದೆ, ಲಗಾಮು ಹಿಡಿದು ಬೆಟ್ಟದ ಕಡೆ ನಡೆಸಿಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಎಲ್ಲೋ ಕುದುರೆ ತಾನಾಗಿ ನಿಲ್ಲುತ್ತದೆ, ಮೈ ನಡುಗಿಸುತ್ತದೆ ಅಥವಾ ಕಿವಿ ಅಲುಗಿಸುತ್ತದೆ. ಅಲ್ಲಿ ಯಮ ನೊ ಕಮಿ ಜೀನಿನ ಮೇಲೆ ಕುಳಿತಳೆಂದು ತಿಳಿದು ಗಂಡ ಕುದುರೆಯನ್ನು ಮನೆಗೆ ತಿರುಗಿಸುತ್ತಾನೆ. ಕುದುರೆ ಬೇಗ ನಿಂತರೆ ಹೆರಿಗೆ ಬೇಗ, ದೂರ ಹೋಗಬೇಕಾಗಿ ಬಂದರೆ ಅಷ್ಟು ಹೊತ್ತು ಮನೆಯಲ್ಲಿ ನೋವು. ಖಾಲಿ ಜೀನಿನ ಕುದುರೆಯನ್ನು ಕತ್ತಲಲ್ಲಿ ನಡೆಸಿಕೊಂಡು, ಅದರ ಕಿವಿಯನ್ನೇ ನೋಡುತ್ತ ಹೋಗುವ ಆ ಗಂಡಸಿನ ಚಿತ್ರ ಈ ವಿಷಯದಲ್ಲಿ ಓದಿದ ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದಿದೆ.

ಬೆಟ್ಟದ ದೇವರೇ ಗದ್ದೆಯ ದೇವರು ಎನ್ನುತ್ತಾರಲ್ಲ?

ವಸಂತದಲ್ಲಿ ಬೆಟ್ಟದ ದೇವರು ಇಳಿದು ಬಂದು ಗದ್ದೆಯ ದೇವರಾಗಿ ಪೈರನ್ನು ಕಾಯುತ್ತಾನೆ, ಕೊಯ್ಲು ಮುಗಿದ ಮೇಲೆ ಬೆಟ್ಟಕ್ಕೆ ಮರಳುತ್ತಾನೆ ಎಂಬ ನಂಬಿಕೆ ಜಪಾನಿನ ಬೇಸಾಯದ ಹಳ್ಳಿಗಳಲ್ಲಿ ವ್ಯಾಪಕವಾಗಿತ್ತು. ಗದ್ದೆಗೆ ನೀರು ಬರುವುದೇ ಬೆಟ್ಟದಿಂದ. ಹಾಗಿರುವಾಗ ನೀರಿನ ಜೊತೆ ದೇವರೂ ಇಳಿಯುತ್ತಾನೆಂದು ರೈತ ತಿಳಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ಯನಗಿತ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸತ್ತ ಹಿರಿಯರ ಆತ್ಮಗಳು ಊರಿನ ಹಿಂದಿನ ಬೆಟ್ಟದಲ್ಲಿ ನೆಲೆಸಿ, ಕಾಲಕ್ರಮದಲ್ಲಿ ತಮ್ಮ ತಮ್ಮ ಗುರುತು ಕಳೆದುಕೊಂಡು ಒಂದೇ ದೈವವಾಗಿ, ಹೀಗೆ ವರ್ಷವರ್ಷವೂ ಇಳಿದು ಹತ್ತುತ್ತವೆ ಎಂದು ವಾದಿಸಿದರು. ವಾದ ಸುಂದರವಾಗಿದೆ, ಬಹುಕಾಲ ಪಠ್ಯದಂತೆ ನಡೆದೂ ಇದೆ. ಆದರೆ ಹನ್ನೆರಡಮ್ಮನಿಗೆ ಗದ್ದೆಯ ಗೊಡವೆಯಿಲ್ಲ, ಮತಗಿಗಳು ಬೇಡುವುದು ಭತ್ತವನ್ನಲ್ಲ, ಕರಡಿಯನ್ನು; ಬೇಸಾಯಗಾರನ ಬೆಟ್ಟದ ದೇವರನ್ನೂ ಬೇಟೆಗಾರನ ಬೆಟ್ಟದ ದೇವರನ್ನೂ ಒಂದೇ ಸೂತ್ರಕ್ಕೆ ಪೋಣಿಸಲಾಗದು ಎಂದು ನಂತರದ ವಿದ್ವಾಂಸರು ಹೇಳಿದ್ದು ಸರಿಯಾಗಿಯೇ ಇದೆ.

ಬೆಟ್ಟದ ದೇವರ ಮುಖ್ಯ ಗುಡಿ ಒಂದು ದ್ವೀಪದಲ್ಲಿ ಏಕಿದೆ?

ಎಹಿಮೆ ಪ್ರಾಂತದ ಇಮಬರಿ ನಗರಕ್ಕೆ ಸೇರಿದ, ಸೆತೊ ಒಳಗಡಲಿನ ಓಮಿಶಿಮ ದ್ವೀಪದಲ್ಲಿರುವ ಓಯಮಜುಮಿ ಗುಡಿ ಈ ದೇವರ ದೇಶಮಟ್ಟದ ಮುಖ್ಯ ಸ್ಥಾನ. ಪ್ರಾಚೀನ ಇಯೊ ಪ್ರಾಂತದ ಸ್ಥಳವೃತ್ತಾಂತದಿಂದ ಉಳಿದುಬಂದ ಒಂದು ತುಣುಕು, ಈ ದೇವರಿಗೆ ‘ವತಶಿ ಮಹಾದೇವರು’ ಎಂಬ ಇನ್ನೊಂದು ಹೆಸರಿದೆಯೆಂದೂ ಈತ ಕೊರಿಯದ ಕುದರ ರಾಜ್ಯದಿಂದ ಕಡಲು ದಾಟಿ ಬಂದವನೆಂದೂ ಹೇಳುತ್ತದೆ. ‘ವತಶಿ’ ಎಂಬ ಪದದಲ್ಲಿ ದಾಟಿಸುವ, ಹಾಯಿಸುವ ಅರ್ಥವನ್ನು ಕಾಣುತ್ತಾರೆ. ದ್ವೀಪಗಳ ನಡುವೆ ಸೆಳೆತ ಜೋರಾಗಿರುವ ಆ ಕಡಲಿನಲ್ಲಿ ನಾವಿಕರು ದಿಕ್ಕು ಗುರುತಿಸುವುದೇ ಬೆಟ್ಟದ ತುದಿಗಳನ್ನು ನೋಡಿ. ಬೆಟ್ಟದ ದೇವರು ಕಡಲವರ ದೇವರೂ ಆದದ್ದು ನನಗಂತೂ ವಿಚಿತ್ರವೆನಿಸುವುದಿಲ್ಲ. ಆ ನೀರನ್ನು ಆಳುತ್ತಿದ್ದ ಮುರಕಮಿ ನೌಕಾಪಡೆಯವರು ಈ ದೇವರ ಒಕ್ಕಲಾಗಿದ್ದರು.

ಯುದ್ಧಕ್ಕೆ ಹೊರಟವರು ಮತ್ತು ಗೆದ್ದು ಬಂದವರು ಹರಕೆಯಾಗಿ ಒಪ್ಪಿಸಿದ ಕವಚಗಳೂ ಕತ್ತಿಗಳೂ ಅಲ್ಲಿ ಶತಮಾನಗಳಿಂದ ಕೂಡಿಬಿದ್ದಿವೆ. ಗುಡಿಯ ಎಂಟು ವಸ್ತುಗಳು ‘ರಾಷ್ಟ್ರೀಯ ನಿಧಿ’ ಎಂಬ ಮಾನ್ಯತೆ ಪಡೆದಿದ್ದು, ಅವುಗಳಲ್ಲಿ ನಾಲ್ಕು ಕವಚ, ಮೂರು ಕತ್ತಿ, ಒಂದು ಕಂಚಿನ ಕನ್ನಡಿ. ಕೆಂಪು ರೇಷ್ಮೆಯ ಹುರಿಯಿಂದ ಹೆಣೆದ ಕವಚವೊಂದನ್ನು ಹನ್ನೆರಡನೆಯ ಶತಮಾನದ ಹೆಸರಾಂತ ಯೋಧ ಮಿನಮೊತೊ ನೊ ಯೊಶಿತ್ಸುನೆ ಅರ್ಪಿಸಿದನೆಂಬ ಐತಿಹ್ಯವಿದೆ. ಅಂಗಳದ ಕರ್ಪೂರದ ಮರಗಳು ಎಷ್ಟು ಹಳೆಯವೆಂದರೆ, ನಡುವಿನ ಮರಕ್ಕೆ 2,600 ವರ್ಷ ಎಂದು ಗುಡಿಯವರು ಹೇಳುತ್ತಾರೆ.

ಒಬ್ಬನೇ ಆಡುವ ಕುಸ್ತಿ ಎಂದರೇನು?

ಅದೇ ಗುಡಿಯ ಆಚರಣೆ. ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ ನಾಟಿಯ ಹಬ್ಬ, ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಕೊಯ್ಲಿನ ಹಬ್ಬ. ಗುಡಿಯ ಮುಂದಿನ ದೇವರ ಗದ್ದೆಯಲ್ಲಿ ಬಿಳಿಯ ಉಡುಗೆಯ ಹದಿನಾರು ಹುಡುಗಿಯರು ಸಸಿ ನೆಡುವ ಮೊದಲು, ಲಂಗೋಟಿ ಬಿಗಿದ ಒಬ್ಬ ಸುಮೊ ಜಟ್ಟಿ ಕಣಕ್ಕೆ ಇಳಿಯುತ್ತಾನೆ. ತೀರ್ಪುಗಾರನಿದ್ದಾನೆ, ಎದುರಾಳಿ ಕಾಣುವುದಿಲ್ಲ. ಎದುರಾಳಿ ಭತ್ತದ ಚೇತನ. ಜಟ್ಟಿ ಬಗ್ಗಿ, ನೆಲ ಮುಟ್ಟಿ, ಗಾಳಿಗೆ ನುಗ್ಗಿ, ಖಾಲಿ ಜಾಗವನ್ನು ತಬ್ಬಿ ಹಿಡಿದು, ಒಂಟಿ ಕಾಲಿನಲ್ಲಿ ತೂಗಾಡಿ, ಕೊನೆಗೆ ಯಾರೋ ಎತ್ತಿ ಒಗೆದವರಂತೆ ಬೀಳುತ್ತಾನೆ. ಮೂರು ಪಟ್ಟುಗಳಲ್ಲಿ ಎರಡನ್ನು ಭತ್ತದ ಚೇತನವೇ ಗೆಲ್ಲಬೇಕು, ಒಂದನ್ನು ಮನುಷ್ಯ. ಆಗ ಬೆಳೆ ಚೆನ್ನಾಗಿ ಬರುತ್ತದೆ. ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿದ್ದರೂ ನೆರೆದವರು ಪ್ರತಿ ಪಟ್ಟಿಗೂ ಕೂಗುತ್ತಾರೆ. ಆ ಒಂದು ಗೆಲುವನ್ನು ಮನುಷ್ಯನಿಗೆ ಬಿಟ್ಟುಕೊಟ್ಟಿರುವುದು ದೇವರ ದೊಡ್ಡಸ್ತಿಕೆ ಇರಬೇಕು.

ಗುಡಿಗಳಲ್ಲಿ ಬೆಟ್ಟದ ದೇವರ ವಿಗ್ರಹ ಇರುತ್ತದೆಯೆ?

ಸಾಮಾನ್ಯವಾಗಿ ದರ್ಶನಕ್ಕೆ ವಿಗ್ರಹ ಇರುವುದಿಲ್ಲ. ಜಪಾನಿನ ಮೂಲಧರ್ಮವಾದ ಶಿಂಟೊದ ಗುಡಿಯ ಒಳಮನೆಯಲ್ಲಿ ದೇವರು ನೆಲೆಸಲು ಒಂದು ಕನ್ನಡಿಯೋ ಕತ್ತಿಯೋ ಇರುತ್ತದೆ, ಅದೂ ಭಕ್ತರ ಕಣ್ಣಿಗೆ ಬೀಳುವುದಿಲ್ಲ. ನಾರಾ ಪ್ರಾಂತದ ಸಕುರಾಯಿಯ ಓಮಿವ ಗುಡಿಯಲ್ಲಿ ಒಳಮನೆಯೂ ಇಲ್ಲ: ಪ್ರಾರ್ಥನೆಯ ಮಂಟಪದ ಹಿಂದೆ ಮೂರು ಕಮಾನುಗಳು ಒಂದಕ್ಕೊಂದು ಅಂಟಿಕೊಂಡಂತಿರುವ ಬಾಗಿಲು, ಅದರ ಹಿಂದೆ 467 ಮೀಟರ್ ಎತ್ತರದ ಮಿವ ಬೆಟ್ಟ, ಆ ಬೆಟ್ಟವೇ ದೇವರ ಮೈ. ಅಲ್ಲಿನ ದೇವರು ಓಮೊನೊನುಶಿ ಹಾವಿನ ರೂಪದವನಾದ್ದರಿಂದ ಭಕ್ತರು ಕೋಳಿಮೊಟ್ಟೆಯನ್ನೂ ಸಾಕೆ ಮದ್ಯವನ್ನೂ ಇಡುತ್ತಾರೆ.

ಬೆಟ್ಟದ ದೇವರನ್ನು ಕೆಣಕಿದವರಿಗೆ ಏನಾಯಿತು?

ಇಬುಕಿ ಬೆಟ್ಟದ ಕಥೆ ಸಾಕು. ಎಲ್ಲ ಕಡೆ ಗೆದ್ದು ಬಂದ ರಾಜಕುಮಾರ ಯಮತೊ ತಕೆರು, ಕುಸನಗಿ ಎಂಬ ದಿವ್ಯ ಖಡ್ಗವನ್ನು ಹೆಂಡತಿಯ ಬಳಿ ಬಿಟ್ಟು, ಬರಿಗೈಯಲ್ಲೇ ಈ ಬೆಟ್ಟದ ದೇವರನ್ನು ಹಿಡಿಯುತ್ತೇನೆಂದು ಹೊರಡುತ್ತಾನೆ. ದಾರಿಯಲ್ಲಿ ಎತ್ತಿನಷ್ಟು ದೊಡ್ಡ ಬಿಳಿಯ ಹಂದಿ ಎದುರಾಗುತ್ತದೆ. ‘ಇದು ದೇವರ ಆಳು, ಇಳಿದು ಬರುವಾಗ ಕೊಂದರಾಯಿತು’ ಎಂದು ಉಡಾಫೆಯಿಂದ ಹೇಳಿ ಮುಂದೆ ಹೋಗುತ್ತಾನೆ. ಹಂದಿ ಆಳಲ್ಲ, ಸ್ವತಃ ದೇವರು. ಆಲಿಕಲ್ಲಿನ ಮಳೆ ಅವನ ಮತಿ ಮಂಕಾಗುವಂತೆ ಸುರಿಯುತ್ತದೆ, ಹೇಗೋ ಕೆಳಗಿಳಿದರೂ ಕಾಲು ಕೈಕೊಟ್ಟು, ಊರು ತಲುಪದೆ ದಾರಿಯಲ್ಲೇ ಸಾಯುತ್ತಾನೆ. ನಿಹೊನ್ ಶೊಕಿಯಲ್ಲಿ ಹಂದಿಯ ಬದಲು ಹಾವಿದೆ.

ಬೌದ್ಧಧರ್ಮ ಬಂದ ಮೇಲೆ ಬೆಟ್ಟದ ದೇವರುಗಳು ಏನಾದರು?

ಹೋಗಲಿಲ್ಲ, ಜೊತೆಗೂಡಿದರು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬುದ್ಧರೂ ಕಮಿಗಳೂ (ಶಿಂಟೊ ದೇವರುಗಳೂ) ಒಂದೇ ಆವರಣದಲ್ಲಿ ಪೂಜೆಗೊಂಡರು. ಓಮಿಶಿಮದ ದೇವರನ್ನು ಸದ್ಧರ್ಮಪುಂಡರೀಕ ಸೂತ್ರದಲ್ಲಿ ಬರುವ ಮಹಾಭಿಜ್ಞಾಜ್ಞಾನಾಭಿಭೂ ಬುದ್ಧನ ಇನ್ನೊಂದು ರೂಪವೆಂದು ತಿಳಿಯುತ್ತಿದ್ದರು. ಟೋಕಿಯೋದ ನೈಋತ್ಯಕ್ಕಿರುವ 1,252 ಮೀಟರಿನ ಓಯಮ ಬೆಟ್ಟದಲ್ಲಿ ತುದಿಯ ಕಲ್ಲಿಗೆ ‘ಸೆಕಿಸೊನ್’ ಎಂಬ ಹೆಸರಿನಲ್ಲಿ ಪೂಜೆಯಿತ್ತು, ಮಧ್ಯದಲ್ಲಿ ಫುದೊ ಮ್ಯೋಒ ಮಂದಿರವಿತ್ತು. ಫುದೊ ಎಂದರೆ ಸಂಸ್ಕೃತದ ಅಚಲನಾಥ. ಅಚಲ ಎಂದರೆ ಅಲುಗದ್ದು ಎಂದೂ ಬೆಟ್ಟವೆಂದೂ ಅರ್ಥವಿರುವುದು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಎದೊ ನಗರದ (ಇಂದಿನ ಟೋಕಿಯೋ) ಬಡಗಿಗಳೂ ಬೆಂಕಿ ಆರಿಸುವವರೂ ಮನುಷ್ಯರಿಗಿಂತ ಉದ್ದದ ಮರದ ಕತ್ತಿಗಳನ್ನು ಹೆಗಲ ಮೇಲೆ ಹೊತ್ತು ಆ ಬೆಟ್ಟ ಹತ್ತುತ್ತಿದ್ದರು. ಫುಜಿಗೆ ಹೋದವರು ಓಯಮಕ್ಕೂ ಹೋಗಬೇಕು, ಮಗಳನ್ನು ನೋಡಿ ತಂದೆಯನ್ನು ಬಿಟ್ಟರೆ ಅರ್ಧ ಯಾತ್ರೆ ಎಂಬ ಮಾತೂ ಹುಟ್ಟಿಕೊಂಡಿತು.

1868ರಲ್ಲಿ ಹೊಸ ಮೇಜಿ ಸರ್ಕಾರ ಕಮಿಗಳನ್ನೂ ಬುದ್ಧರನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಮಾಡಿತು. ಓಯಮದ ಫುದೊ ಮಂದಿರ ಕೆಳಗೆ ಸರಿಯಿತು, ಅದು ಇದ್ದ ಜಾಗದಲ್ಲಿ ಇಂದು ಅಫುರಿ ಗುಡಿಯ ಕೆಳಗಿನ ಮಂದಿರ ನಿಂತಿದೆ, ದೇವರ ಹೆಸರು ಓಯಮತ್ಸುಮಿ. ಹಳ್ಳಿಹಳ್ಳಿಗಳಲ್ಲಿ ಹೆಸರಿಲ್ಲದೆ ಇದ್ದ ಎಷ್ಟೋ ಯಮ ನೊ ಕಮಿ ಗುಡಿಗಳ ದಾಖಲೆಯಲ್ಲಿಯೂ ದೇವರ ಹೆಸರಿನ ಎದುರು ಓಯಮತ್ಸುಮಿ ಎಂದು ಬಂತು. ಮೇಲೆ ಹೇಳಿದ ಗೊಂದಲದ ಬಹುಪಾಲು ಶುರುವಾದದ್ದು ಇಲ್ಲಿಂದ: ಕಡತದಲ್ಲಿ ಗಂಡು, ಕಾಡಿನಲ್ಲಿ ಹೆಣ್ಣು.

ಸಾಕೆ ಮದ್ಯಕ್ಕೂ ಓಯಮತ್ಸುಮಿಗೂ ಏನು ನಂಟು?

ಮೊಮ್ಮಕ್ಕಳು ಹುಟ್ಟಿದ ಸಂಭ್ರಮದಲ್ಲಿ ಹೊಸ ಅಕ್ಕಿಯಿಂದ ಸಿಹಿ ಮದ್ಯ ಮಾಡಿದನೆಂಬ ಐತಿಹ್ಯದಿಂದ ಈತನನ್ನು ಮದ್ಯ ತಯಾರಿಸುವವರು ಮೂಲಪುರುಷನೆಂದು ಗೌರವಿಸುತ್ತಾರೆ. ನಿಹೊನ್ ಶೊಕಿಯ ಪಾಠಾಂತರದಲ್ಲಿ ಮದ್ಯ ಮಾಡುವವಳು ಮಗಳು. ಕ್ಯೋಟೋದ ಉಮೆನೊಮಿಯ ಗುಡಿಯಲ್ಲಿ ತಂದೆಯೂ ಮಗಳೂ ಇಬ್ಬರೂ ಇದ್ದಾರೆ, ಹೆರಿಗೆಯ ಹರಕೆಯವರೂ ಮದ್ಯದ ವ್ಯಾಪಾರಿಗಳೂ ಅಲ್ಲಿಗೆ ಬರುತ್ತಾರೆ.

ಇಂದಿನ ಜಪಾನಿನಲ್ಲಿ ಯಮ ನೊ ಕಮಿಯ ಹೆಸರು ಕೇಳಿಬರುತ್ತದೆಯೆ?

ಬರುತ್ತದೆ, ಹಲವು ಸಲ ನಗೆಯ ಜೊತೆ. ಹಳೆಯ ತಲೆಮಾರಿನ ಗಂಡಸರು ಮನೆಯಲ್ಲಿ ಜೋರು ಮಾಡುವ ಹೆಂಡತಿಯನ್ನು ‘ನಮ್ಮ ಯಮ ನೊ ಕಮಿ’ ಎನ್ನುತ್ತಿದ್ದರು. ಹೊಸ ವರ್ಷದ ಹಕೊನೆ ರಿಲೇ ಓಟದಲ್ಲಿ ಬೆಟ್ಟ ಹತ್ತುವ ಐದನೆಯ ಹಂತವನ್ನು ಅಸಾಧ್ಯ ವೇಗದಲ್ಲಿ ಓಡಿದ ವಿದ್ಯಾರ್ಥಿಗೆ ಪತ್ರಿಕೆಗಳು ಕೊಡುವ ಬಿರುದೂ ಇದೇ. 2016ರಿಂದ ಆಗಸ್ಟ್ 11 ‘ಬೆಟ್ಟದ ದಿನ’ವೆಂದು ರಾಷ್ಟ್ರೀಯ ರಜೆ, ಆದರೆ ಅದಕ್ಕೂ ಪೂಜೆಗೂ ಸಂಬಂಧವಿಲ್ಲ.

ಈ ಗುಡಿಗಳಿಗೆ ಹೋಗುವವರು ಏನು ತಿಳಿದಿರಬೇಕು?

ಬಾಗಿಲ ಬಳಿಯ ನೀರಿನ ತೊಟ್ಟಿಯಲ್ಲಿ ಎಡಗೈ, ಬಲಗೈ, ಬಾಯಿ ಈ ಕ್ರಮದಲ್ಲಿ ತೊಳೆದುಕೊಂಡು, ದೇವರ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಸಾಮಾನ್ಯ ಪದ್ಧತಿ. ಓಮಿಶಿಮಕ್ಕೆ ಶಿಮನಮಿ ಸೇತುಮಾರ್ಗದಲ್ಲಿ ಬಸ್ಸಿದೆ, ಸೈಕಲ್ಲಿನಲ್ಲಿಯೂ ಹೋಗಬಹುದು. ಓಯಮಕ್ಕೆ ಅರ್ಧ ದಾರಿಯವರೆಗೆ ಕೇಬಲ್ ಕಾರು ಇದೆ. ಮಿವ ಬೆಟ್ಟ ಹತ್ತಲು ಹೆಸರು ಬರೆಸಿ ಅನುಮತಿ ಪಡೆಯಬೇಕು, ಒಳಗೆ ತಿನ್ನುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ. ಯಮಗತ ಪ್ರಾಂತದ ಯುದೊನೊ ಬೆಟ್ಟದಲ್ಲಿಯೂ ಓಯಮತ್ಸುಮಿಗೆ ಪೂಜೆಯಿದೆ, ಕಟ್ಟಡ ಮಾತ್ರ ಇಲ್ಲ. ಅಲ್ಲಿ ಪಾದರಕ್ಷೆ ಬಿಟ್ಟು, ಶುದ್ಧಿ ಮಾಡಿಸಿಕೊಂಡು ಬರಿಗಾಲಲ್ಲಿ ಮುಂದೆ ಹೋಗಬೇಕು. ಅಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದು, ಹೋಗಿ ಬಂದವರನ್ನು ಕೇಳಲೂಬಾರದು ಎಂಬುದು ಆ ಬೆಟ್ಟದ ಹಳೆಯ ಕಟ್ಟಳೆಯಾದ್ದರಿಂದ, ಯುದೊನೊದಲ್ಲಿ ದೇವರು ಯಾವ ರೂಪದಲ್ಲಿದ್ದಾನೆ ಎಂಬ ಪ್ರಶ್ನೆಯನ್ನು ಈ ಪಟ್ಟಿಗೆ ಸೇರಿಸಿಲ್ಲ.